ಆಬಿದಾ ಖಾಲಾ ಹಚ್ಚಿದ ಗೋರಂಟಿ

ಬೆಳಗಿನ ನಮಾಜು ಮುಗಿಸಿ, ಜಾನಮಾಜನ್ನು ಮಡಚಿ ಗೂಡಿನಲ್ಲಿಟ್ಟ ಕೂಡಲೇ ಆಬಿದಾ ಮುಂಬಾಗಿಲು ತೆರೆದು ಜಗಲಿಗೆ ಬರುತ್ತಾರೆ. ಹಿಂದಿನ ದಿನ ಹುಡುಗಿಯರು ಎಲ್ಲೆಂದರಲ್ಲಿ ಬಿಟ್ಟು ಹೋದ ಚಪ್ಪಲಿಗಳು ಅಲ್ಲಿ ಬಿದ್ದಿರುತ್ತವೆ. ಒಂದು ಮಗುಚಿಕೊಂಡಿರುತ್ತದೆ, ಇನ್ನೊಂದು ಹೂಕುಂಡದ ಹಿಂದೆ ಸೇರಿರುತ್ತದೆ, ಮತ್ತೊಂದರ ಜೊತೆಯನ್ನು ಬೀದಿನಾಯಿ ಮೂಲೆಗೆ ಎಳೆದುಕೊಂಡು ಹೋಗಿರುತ್ತದೆ. ಅವರು ಮೊಣಕಾಲು ಹಿಡಿದು ಮೆಲ್ಲಗೆ ಕೂತು, ಎಲ್ಲವನ್ನೂ ಜೊತೆಗೂಡಿಸಿ ಗೋಡೆಯುದ್ದಕ್ಕೆ ಸಾಲಾಗಿ ಇಡುತ್ತಾರೆ. ಜ್ವರ ಬಂದ ದಿನವೂ ಈ ಕೆಲಸ ತಪ್ಪಿಲ್ಲ, ಎರಚಲು ಹೊಡೆದು ಜಗಲಿಯೆಲ್ಲ ನೀರಾದ ದಿನವೂ ತಪ್ಪಿಲ್ಲ. ಅಡುಗೆಗೆ ಬರುವ ಗೋವಿಂದಮ್ಮ ಮೊದಮೊದಲು ಬೈಯುತ್ತಿದ್ದಳು.

"ಈ ವಯಸ್ಸಲ್ಲಿ ಆ ಹುಡ್ಗೀರ ಚಪ್ಲಿ ಮುಟ್ತಾ ಕೂತಿದ್ದೀರಲ್ಲ ಖಾಲಾ! ಅವಕ್ಕೇನು ಕೈ ಬಿದ್ದೋಗಿದ್ಯಾ?"

"ನೀನು ಹಾಲು ಉಕ್ಕದಂಗೆ ನೋಡ್ಕೋ ಗೋವಿಂದಮ್ಮ. ಇದು ನನ್ ಡಿಪಾರ್ಟ್‌ಮೆಂಟು."

ಯಾವ ಡಿಪಾರ್ಟ್‌ಮೆಂಟು ಅನ್ನುವುದು ಗೋವಿಂದಮ್ಮನಿಗೆ ಆಮೇಲೆ ತಿಳಿಯಿತು. ನಾಳೆಯೂ ಇಲ್ಲೇ ಇರುತ್ತೇನೆ ಅಂದುಕೊಂಡ ಹುಡುಗಿ ಚಪ್ಪಲಿಯನ್ನು ಹೊರಗೆ ಬಿಡುತ್ತಾಳೆ. ಹೊರಟು ಹೋಗಬೇಕು ಅಂದುಕೊಂಡವಳು ಅದನ್ನು ಹಾಸಿಗೆಯ ಪಕ್ಕಕ್ಕೆ ಒಯ್ಯುತ್ತಾಳೆ. ಇದನ್ನು ಖಾಲಾಗೆ ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಗೊತ್ತಾದದ್ದು.

ಹಲಸೂರು ಕೆರೆಯ ಹಿಂಭಾಗದ ಒಂದು ಅಡ್ಡರಸ್ತೆಯಲ್ಲಿರುವ ಆ ಹಳೆಯ ಮನೆ, ಸರ್ಕಾರದ ಅನುದಾನದಿಂದ ನಡೆಯುವ ತೆರೆದ ತಂಗುದಾಣ. ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕ ಹುಡುಗಿಯರು, ಮನೆ ಬಿಟ್ಟು ಬಂದವರು, ಮನೆಯೇ ಇಲ್ಲದವರು, ಕೆಲಸ ಕೊಡಿಸುತ್ತೇನೆಂದು ಯಾರೋ ಕರೆದುಕೊಂಡು ಹೊರಟಿದ್ದವರು, ಹೀಗೆ ಎಲ್ಲರೂ ಅಲ್ಲಿಗೆ ಬರುತ್ತಾರೆ. ಮಕ್ಕಳ ಕಲ್ಯಾಣ ಸಮಿತಿ ಒಂದು ದಾರಿ ತೋರಿಸುವವರೆಗೆ ಇರುತ್ತಾರೆ, ಉಣ್ಣುತ್ತಾರೆ, ಜಗಳವಾಡುತ್ತಾರೆ, ಹೊಲಿಗೆಯೋ ಕಂಪ್ಯೂಟರೋ ಕಲಿಯುತ್ತಾರೆ. ಆಬಿದಾ ಅಲ್ಲಿಯ ಗೃಹಮಾತೆ. ಕಡತದಲ್ಲಿ ಹಾಗಿದೆ. ಹುಡುಗಿಯರ ಬಾಯಲ್ಲಿ ಮಾತ್ರ ಅವರು ಖಾಲಾ, ಅಂದರೆ ಚಿಕ್ಕಮ್ಮ. ತಮಿಳು ಹುಡುಗಿಗೂ ಖಾಲಾ, ಕೋಲಾರದ ಹುಡುಗಿಗೂ ಖಾಲಾ, ತಪಾಸಣೆಗೆ ಬರುವ ಅಧಿಕಾರಿಗಳಿಗೂ ಖಾಲಾ.

ಅವರು ಈ ಕೆಲಸಕ್ಕೆ ಅರ್ಜಿ ಹಾಕಿ ಬಂದವರಲ್ಲ. ಹುಟ್ಟಿದ್ದು ಬೆಳೆದದ್ದು ಶಿವಾಜಿನಗರದ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ. ಉರ್ದು ಶಾಲೆಯಲ್ಲಿ ಏಳನೆಯವರೆಗೆ ಓದು. ಗಂಡ ಚಾಂದ್ ಪಾಷಾ ಹತ್ತಿ ಎಕ್ಕಿ ಹಾಸಿಗೆ ಹೊಲಿಯುವವರು. ಆಬಿದಾ ಮದುವೆಮನೆಗಳಿಗೆ ಹೋಗಿ ಗೋರಂಟಿ ಹಚ್ಚುತ್ತಿದ್ದರು. ಒಮ್ಮೆ ಬಂಗಾರಪೇಟೆಯ ಮದುವೆ ಮುಗಿಸಿ ದಂಡು ನಿಲ್ದಾಣದಲ್ಲಿ ಇಳಿದಾಗ, ಬೆಂಚಿನ ಮೇಲೆ ಒಬ್ಬಳು ಹುಡುಗಿ ಬಿಕ್ಕುತ್ತ ಕೂತಿದ್ದಳು. ಪೊಲೀಸರು ಕೇಳಿದರು, ಸಹಾಯವಾಣಿಯ ಮೇಡಂ ಕೇಳಿದರು, ಹುಡುಗಿ ಬಾಯಿಬಿಡಲಿಲ್ಲ. ಆಬಿದಾ ಪಕ್ಕದಲ್ಲಿ ಕೂತು, ಬುಟ್ಟಿಯಲ್ಲಿ ಉಳಿದಿದ್ದ ಕೋನ್ ತೆಗೆದು, "ಇದು ನಾಳೆಗೆ ಕೆಟ್ಟೋಗುತ್ತೆ ಬೇಟಾ, ಕೈ ಚಾಚು" ಅಂದರು. ಒಂದು ಅಂಗೈ ಮುಗಿಯುವಷ್ಟರಲ್ಲಿ ಹುಡುಗಿ ತನ್ನ ಊರು ಹೇಳಿದ್ದಳು. ಎರಡನೆಯದು ಮುಗಿಯುವಷ್ಟರಲ್ಲಿ ತನ್ನನ್ನು ಕರೆತಂದವನ ಹೆಸರು ಹೇಳಿದ್ದಳು. ಆ ಮೇಡಂ ಮರುವಾರವೇ ಶಿವಾಜಿನಗರಕ್ಕೆ ಮನೆ ಹುಡುಕಿಕೊಂಡು ಬಂದರು.

"ಸರ್ಕಾರಿ ಕೆಲಸಾನಾ?" ಎಂದು ಚಾಂದ್ ಪಾಷಾ ಕಣ್ಣರಳಿಸಿದರು.

"ಸರ್ಕಾರದ ದುಡ್ಡು ಬರುತ್ತೆ ಸಾಬ್, ಆದ್ರೆ ಯಾವಾಗ ಬರುತ್ತೆ ಅಂತ ಹೇಳಕ್ಕಾಗಲ್ಲ" ಎಂದು ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಖಾಲಾಗೆ ಆ ಮಾತೇ ಹಿಡಿಸಿತು. ಸುಳ್ಳು ಹೇಳದ ಜಾಗದಲ್ಲಿ ಕೆಲಸ ಮಾಡಬಹುದು ಅನ್ನಿಸಿತು.

ಅಂದಿನಿಂದ ಇಂದಿನವರೆಗೆ ನೂರಾರು ಹುಡುಗಿಯರು ಬಂದು ಹೋಗಿದ್ದಾರೆ. ಆದರೆ ಹುಲಿಗೆಮ್ಮನಷ್ಟು ಖಾಲಾರ ನಿದ್ದೆ ಕೆಡಿಸಿದವಳು ಇನ್ನೊಬ್ಬಳಿಲ್ಲ.

ಹುಲಿಗೆಮ್ಮ ಕೊಪ್ಪಳದ ಕಡೆಯವಳು. ತಾಯಿ ಇಲ್ಲ. ತಂದೆ ಹುಲಿಗೆಪ್ಪ ಹೊರಮಾವಿನಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಅಪ್ಪ ಮಗಳು ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ಮಗಳಿಗೆ ಹದಿನೆಂಟು ತುಂಬುವ ಮೊದಲೇ ಅವಳನ್ನು ಸೋದರಮಾವನಿಗೆ ಕೊಡುವುದೆಂದು ತಂದೆ ಮಾತು ಕೊಟ್ಟ. ಮಗಳು ಬ್ಯಾಗು ಹಿಡಿದು ಕೆ.ಆರ್. ಪುರ ನಿಲ್ದಾಣಕ್ಕೆ ಬಂದಳು. ಅಲ್ಲಿ ಅವಳನ್ನು ಕೂಡಿಕೊಳ್ಳಬೇಕಾಗಿದ್ದವಳು ಪಿಂಕಿ ಅಕ್ಕ. ಫೋನಿನಲ್ಲಿ ಪರಿಚಯವಾಗಿ, ಮುಂಬೈಯಲ್ಲಿ ಬ್ಯೂಟಿ ಪಾರ್ಲರ್ ಕೆಲಸ ಕೊಡಿಸುತ್ತೇನೆಂದು ಹೇಳಿದ್ದವಳು. ಆ ದಿನ ಪೊಲೀಸರು ಓಡಾಡುತ್ತಿದ್ದುದನ್ನು ನೋಡಿ ಪಿಂಕಿ ಅಕ್ಕ ಹತ್ತಿರ ಬರಲೇ ಇಲ್ಲ. ಒಬ್ಬಳೇ ಕೂತಿದ್ದ ಹುಲಿಗೆಮ್ಮನನ್ನು ನಿಲ್ದಾಣದ ಮಕ್ಕಳ ಸಹಾಯ ಕೇಂದ್ರದವರು ಮಾತಾಡಿಸಿ, ಸಮಿತಿಯ ಮುಂದೆ ನಿಲ್ಲಿಸಿ, ತಂಗುದಾಣಕ್ಕೆ ತಂದು ಬಿಟ್ಟರು.

ಅವಳು ಬಂದ ದಿನವೇ ಸಾರಿಹೇಳಿದಳು: "ನಾ ಇಲ್ಲಿ ಇರಾಕಿ ಅಲ್ರೀ. ಪಿಂಕಿ ಅಕ್ಕ ಬರ್ತಾಳ, ನಾ ಹೋಗಾಕಿ."

"ಸರಿ ಬೇಟಾ. ಅಲ್ಲೀವರ್ಗೂ ಊಟ ಮಾಡ್ತೀಯಾ, ಇಲ್ಲಾ ಅದನ್ನೂ ಪಿಂಕಿ ಅಕ್ಕಾನೇ ಬಂದು ಮಾಡಿಸ್ಬೇಕಾ?"

ಹುಡುಗಿಗೆ ನಗು ಬಂದು, ತಡೆದುಕೊಂಡು, ಮೂರು ಚಪಾತಿ ತಿಂದಳು.

ಪಿಂಕಿ ಅಕ್ಕ ಎಂಥವಳೆಂದು ಖಾಲಾಗೆ ಅನುಮಾನವೇ ಇರಲಿಲ್ಲ. ಆದರೆ ಅದನ್ನು ಹುಲಿಗೆಮ್ಮನ ಮುಖಕ್ಕೆ ಹೇಳಲಿಲ್ಲ. ಆಪ್ತಸಮಾಲೋಚಕಿ ನಂದಿತಾ ಹೇಳಿದಳು. ಚಿತ್ರ ತೋರಿಸಿದಳು, ವಿಡಿಯೋ ತೋರಿಸಿದಳು. ಹುಲಿಗೆಮ್ಮ ಎಲ್ಲವನ್ನೂ ಆಕಳಿಸುತ್ತ ನೋಡಿ, "ಅವರು ಬ್ಯಾರೆ ಹುಡುಗ್ಯಾರು. ನಮ್ಮ ಅಕ್ಕ ಅಂಥಾಕಿ ಅಲ್ಲ" ಎಂದು ಎದ್ದು ಹೋದಳು. ತನಗೆ ಒಳ್ಳೆಯ ಮಾತಾಡಿದ ಒಂದೇ ಒಂದು ಜೀವವನ್ನು ಕೆಟ್ಟದ್ದು ಎಂದರೆ ಯಾವ ಹುಡುಗಿ ಒಪ್ಪುತ್ತಾಳೆ? ಖಾಲಾ ದುವಾದಲ್ಲಿ ಅವಳ ಹೆಸರು ಸೇರಿಸಿಕೊಂಡು ಸುಮ್ಮನಾದರು.

ಅದು ರಂಜಾನ್ ತಿಂಗಳು. ಮೂವತ್ತನೆಯ ಹಾಗೂ ಕೊನೆಯ ರೋಜಾದ ದಿನ ಬೆಳಿಗ್ಗೆ ಚಪ್ಪಲಿ ಜೋಡಿಸುವಾಗ ಒಂದು ಜೊತೆ ಕಾಣಲಿಲ್ಲ. ಬೆಳ್ಳಿಯ ಚಿಟ್ಟೆ ಅಂಟಿಸಿದ ಹುಲಿಗೆಮ್ಮನ ಚಪ್ಪಲಿ. ಖಾಲಾ ಕುಂಡದ ಹಿಂದೆ ನೋಡಿದರು, ಮೂಲೆ ನೋಡಿದರು, ನಾಯಿಯ ಮುಖ ನೋಡಿದರು. ಒಳಗೆ ಹೋಗಿ ಇಣುಕಿದರೆ, ಮಲಗಿದ್ದವಳ ದಿಂಬಿನಡಿಯಿಂದ ಚಿಟ್ಟೆಯ ರೆಕ್ಕೆ ಹೊರಗೆ ಕಾಣುತ್ತಿತ್ತು.

ಖಾಲಾ ಸದ್ದು ಮಾಡದೆ ಆಫೀಸಿಗೆ ಬಂದರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮಧುಕರ್ ಅವರಿಗೆ ಫೋನ್ ಮಾಡಿದರು.

"ಸರ್, ಹುಲಿಗೆಮ್ಮ ಇವತ್ತು ಹೊರಡೋಳಿದ್ದಾಳೆ."

"ಯಾರು ಹೇಳಿದ್ರು ಖಾಲಾ?"

"ಚಪ್ಲಿ ಹೇಳ್ತು."

ಮಧುಕರ್ ಹೊಸಬರಾಗಿದ್ದರೆ ಫೋನ್ ಇಡುತ್ತಿದ್ದರು. ಹಳಬರಾದ್ದರಿಂದ, "ರೂಮಿಗೆ ಹಾಕಿ ಬೀಗ ಜಡೀರಿ, ನಾನು ಬರ್ತೀನಿ" ಅಂದರು.

"ಹಂಗೆ ಮಾಡಕ್ಕೆ ಬರಲ್ಲ ಸರ್. ಇವತ್ತು ಬೀಗ ಹಾಕಿದ್ರೆ ನಾಳೆ ಕಿಟಕಿ ಹಾರ್ತಾಳೆ. ನೀವು ಸಂಜೆ ಮೇಲೆ ಕೆ.ಆರ್. ಪುರ ಸ್ಟೇಷನ್ ಹತ್ರ ಇರಿ, ಪೊಲೀಸರೂ ಇರ್ಲಿ. ಇಲ್ಲಿ ನಾನು ನೋಡ್ಕೋತೀನಿ."

"ಹೆಂಗೆ ನೋಡ್ಕೋತೀರಾ?"

"ಇವತ್ತು ಚಾಂದ್ ರಾತ್ ಅಲ್ವಾ ಸರ್. ಮೆಹಂದಿ ಹಾಕ್ತೀನಿ."

"ದೇವ್ರು ಕಾಪಾಡ್ಲಿ" ಎಂದು ಮಧುಕರ್ ಫೋನ್ ಇಟ್ಟರು.

ಹಬ್ಬದ ಹಿಂದಿನ ಸಂಜೆ ತಂಗುದಾಣದ ಹುಡುಗಿಯರಿಗೆಲ್ಲ ಗೋರಂಟಿ ಹಚ್ಚುವುದು ಖಾಲಾ ಬಂದಾಗಿನಿಂದ ನಡೆದುಬಂದ ಪದ್ಧತಿ. ಯಾವ ಜಾತಿ, ಯಾವ ಧರ್ಮ ಎಂದು ಕೇಳುವವರಿಲ್ಲ. ಕೈ ಇದ್ದರೆ ಸಾಕು. ಸಂಜೆ ಹುಡುಗಿಯರೆಲ್ಲ ಮಾಳಿಗೆಗೆ ಹತ್ತಿ ಚಂದ್ರನಿಗಾಗಿ ಕಾದರು. ಮೋಡದ ಸಂದಿನಲ್ಲಿ ಉಗುರಿನ ತುದಿಯಷ್ಟು ಕಂಡದ್ದೇ ತಡ, ಸಿದ್ರಾ ಎಂಬ ಬಾಯಿಬಡುಕಿ ಕೂಗಿದ ಕೂಗಿಗೆ ಎದುರುಮನೆಯವರೂ ಹೊರಗೆ ಬಂದರು. ಮಸೀದಿಯಿಂದ ಅಜಾನ್ ಕೇಳಿಸಿತು. ಖಾಲಾ ಎರಡು ಖರ್ಜೂರ ಬಾಯಿಗೆ ಹಾಕಿಕೊಂಡು, ನಮಾಜು ಮುಗಿಸಿ, ಜಗಲಿಯಲ್ಲಿ ಚಾಪೆ ಹಾಸಿ ಕೂತರು.

"ಮೊದ್ಲು ಹೊಸಬರಿಗೆ. ಹುಲಿಗೆಮ್ಮಾ, ಬಾ."

ಹುಲಿಗೆಮ್ಮ ಬಾಗಿಲ ಹತ್ತಿರವೇ ನಿಂತಿದ್ದಳು. ಬ್ಯಾಗು ಒಳಗಿತ್ತು, ಚಪ್ಪಲಿ ಮಾತ್ರ ಕಾಲಲ್ಲಿತ್ತು. "ನಂಗ ಬ್ಯಾಡ್ರಿ. ನಿಮ್ಮದು ಹಳೇ ಡಿಸೈನು. ಬರೇ ಚುಕ್ಕಿ, ಬರೇ ಚಂದ್ರ."

"ಓಹೋ! ಪಾರ್ಲರ್ ಮೇಡಂಗೆ ಯಾವ ಡಿಸೈನ್ ಬೇಕು?"

"ಅರೇಬಿಕ್ ಬರ್ತೈತೇನ್ರಿ?"

"ಬಾರ್ದು ಅಂದ್ರೆ ಶಿವಾಜಿನಗರದವರು ನನ್ನ ಒಳಗೆ ಬಿಟ್ಕೊಳಲ್ಲ. ಕೂತ್ಕೋ."

ಒಂದೇ ಕೈ, ಬೇಗ ಹೋಗಬಹುದು ಎಂಬ ಲೆಕ್ಕದಲ್ಲಿ ಹುಡುಗಿ ಚಪ್ಪಲಿ ಬಿಟ್ಟು ಕೂತಳು. ಖಾಲಾ ಬಳ್ಳಿ ಎಳೆದರು, ಎಲೆ ಬಿಡಿಸಿದರು, ಮಣಿಕಟ್ಟಿನ ಸುತ್ತ ಜಾಲರಿ ಹೆಣೆದರು. ಹುಲಿಗೆಮ್ಮನ ಕಣ್ಣು ಕೋನಿನ ತುದಿ ಬಿಟ್ಟು ಕದಲಲಿಲ್ಲ. ಇಂಥದ್ದೆಂದರೆ ಆ ಹುಡುಗಿಗೆ ಪ್ರಾಣ. ಎರಡನೆಯ ಕೈಯನ್ನು ತಾನೇ ಚಾಚಿದಳು.

"ಇದನ್ನ ಕಲಿಯಾಕ ಎಷ್ಟ್ ದಿನ ಹಿಡೀತ್ರಿ?"

"ನಮ್ಮ ಉಸ್ತಾದನಿ ಒಂದು ವರ್ಷ ಬರೀ ಎಲೆ ಅರೆಸಿದ್ರು. ಕೋನ್ ಮುಟ್ಟಕ್ಕೇ ಬಿಡ್ಲಿಲ್ಲ. ಎಲ್ಲಿ ಕಲ್ತೆ, ಏನ್ ಬರುತ್ತೆ ಅಂತ ಮದುವೆಮನೇಲಿ ಮುದುಕೀರು ಕೂಡ ಕೇಳ್ತಾ ಇದ್ರು. ಹೇಳದೆ ಮದುಮಗಳ ಕೈ ಕೊಡ್ತಾ ಇರ್ಲಿಲ್ಲ." ಖಾಲಾ ಕಣ್ಣೆತ್ತದೆ ಹೇಳಿದರು. "ಕಾಲು ಚಾಚು."

"ಕಾಲಿಗೂ ಏನ್ರಿ?"

"ಅರೇಬಿಕ್ ಅಂದ್ರೆ ಅರ್ಧ ಮಾಡಿ ಬಿಡಕ್ಕಾಗುತ್ತಾ? ಜನ ನಗಲ್ವಾ?"

ಸಿದ್ರಾ ಮತ್ತು ಉಳಿದ ಹುಡುಗಿಯರು ಸುತ್ತ ಕೂತು ಹಾಡುತ್ತಿದ್ದರು. ಖಾಲಾ ಎರಡೂ ಪಾದಗಳಿಗೆ, ಬೆರಳ ತುದಿಯಿಂದ ಹರಡಿನವರೆಗೆ, ಜೀವಮಾನದಲ್ಲೇ ಇಷ್ಟು ದಟ್ಟವಾಗಿ ಹಚ್ಚಿರಲಿಲ್ಲ ಅನ್ನುವಷ್ಟು ಹಚ್ಚಿದರು. ಮುಗಿಸಿ, ನಿಂಬೆರಸಕ್ಕೆ ಸಕ್ಕರೆ ಬೆರೆಸಿ ಹತ್ತಿಯಿಂದ ಮೇಲೆ ಒತ್ತಿದರು. ಹುಲಿಗೆಮ್ಮ ಗೋಡೆಗೊರಗಿ, ಎರಡೂ ಕೈ ಎರಡೂ ಕಾಲು ಮುಂದೆ ಚಾಚಿಕೊಂಡು, ಅಂಗಡಿಯ ಮುಂದೆ ಒಣಹಾಕಿದ ಗೊಂಬೆಯ ಹಾಗೆ ಕೂತಳು.

"ಒಣಗಾಕ ಎಷ್ಟೊತ್ತು?"

"ಅವಸರ ಮಾಡಿದ್ರೆ ಬಣ್ಣ ಬರಲ್ಲ ಬೇಟಾ."

ಆಗ ಹುಲಿಗೆಮ್ಮನ ಲಂಗದ ಜೇಬಿನಲ್ಲಿ ಏನೋ ಗುರ್ರೆಂದಿತು. ಹಾಡು ನಿಂತಿತು. ಫೋನುಗಳೆಲ್ಲ ಆಫೀಸಿನ ಬೀರುವಿನಲ್ಲಿರಬೇಕು ಎಂಬುದು ಅಲ್ಲಿಯ ನಿಯಮ. ಹುಡುಗಿ ಗುಂಡಿಯ ಫೋನೊಂದನ್ನು ಬಚ್ಚಿಟ್ಟಿದ್ದಳು. ಕೈ ಹಾಕಿ ತೆಗೆಯುವಂತಿಲ್ಲ, ಎದ್ದು ಓಡುವಂತಿಲ್ಲ. ಫೋನು ಗುರ್ರೆನ್ನುತ್ತಲೇ ಇತ್ತು.

"ತೆಗೀಲಾ?" ಎಂದು ಖಾಲಾ ಕೇಳಿದರು.

ಹುಲಿಗೆಮ್ಮ ಅವರನ್ನು ನೋಡಿದಳು. ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ತಲೆಯಾಡಿಸಿದಳು. ಖಾಲಾ ಫೋನ್ ತೆಗೆದು, ಸ್ಪೀಕರ್ ಹಾಕಿ, ಚಾಪೆಯ ಮೇಲಿಟ್ಟರು. ಉಳಿದವರಿಗೆ ಬಾಯಿಗೆ ಬೆರಳಿಟ್ಟು ತೋರಿಸಿದರು.

"ಎಲ್ಲಿದ್ದೀಯಾ ಚಿನ್ನಾ? ಎಷ್ಟೊತ್ತಿಂದ ಕಾಯ್ತಾ ಇದ್ದೀನಿ" ಎಂದಿತು ಜೇನು ಸುರಿಯುವ ದನಿ.

"ಬರ್ತೀನಕ್ಕಾ. ಸ್ವಲ್ಪ ತಡ ಆಗೈತಿ." ಹುಲಿಗೆಮ್ಮ ತನ್ನ ಅಂಗೈಯ ಬಳ್ಳಿಯನ್ನೇ ನೋಡುತ್ತಿದ್ದಳು. ಆಮೇಲೆ, ತಾನಾಗಿಯೇ, "ಅಕ್ಕಾ, ನಂಗ ಥ್ರೆಡ್ಡಿಂಗ್ ಬರಂಗಿಲ್ಲ. ಪಾರ್ಲರಿನವರಿಗೆ ಹೇಳೀರೇನು?" ಎಂದಳು.

"ಏನು?"

"ಹುಬ್ಬು ಮಾಡಾದು. ಮೆಹಂದಿನೂ ಬರಂಗಿಲ್ಲ. ನಂಗ ಏನೇನ್ ಬರ್ತೈತಿ ಅಂತ ಅವ್ರು ಕೇಳಿಲ್ಲೇನು?"

"ಅಯ್ಯೋ, ಥ್ರೆಡ್ಡಿಂಗ್ ಗಿಡ್ಡಿಂಗ್ ಯಾರಿಗ್ ಬೇಕು? ಫೋಟೋ ನೋಡಿದ್ದಾರೆ, ಒಪ್ಕೊಂಡಿದ್ದಾರೆ."

ಸಿದ್ರಾ ಗೋವಿಂದಮ್ಮನ ತೋಳು ಹಿಂಡಿದಳು. ಹುಲಿಗೆಮ್ಮನ ಮುಖದ ಬಣ್ಣ ಮೆಲ್ಲಗೆ ಇಳಿಯಿತು.

"ಫೋಟೋ ನೋಡಿ ಏನ್ ಒಪ್ಯಾರ್ರಿ? ಪಾರ್ಲರಿನ ಹೆಸರೇನು?"

"ಹೆಸರು ತಗೊಂಡು ನೆಕ್ಕ್ತೀಯಾ?" ಜೇನು ಬತ್ತಿಹೋಯಿತು. "ಬಾಯಿ ಮುಚ್ಕೊಂಡು ಬಾ. ಆಧಾರ್ ತರಬೇಡ. ಸಿಮ್ ಕಿತ್ತು ಬಿಸಾಕು. ಯಾರಾದ್ರೂ ಕೇಳಿದ್ರೆ ಹತ್ತೊಂಬತ್ತು ವರ್ಷ, ನನ್ ತಂಗಿ ಅನ್ನು. ನೀನು ಬರ್ಲಿಲ್ಲ ಅಂದ್ರೆ ನಾನು ಅವರಿಗೆ ಏನ್ ಉತ್ತರ ಕೊಡ್ಲೇ?"

ಖಾಲಾ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದರು. ಹುಡುಗಿ ಈಗ ಅಳುತ್ತಾಳೆ, ಇಲ್ಲವೇ ಎದ್ದು ಓಡುತ್ತಾಳೆ ಎಂದು ಹೆದರಿದ್ದರು. ಹುಲಿಗೆಮ್ಮ ಎರಡೂ ಮಾಡಲಿಲ್ಲ. ಗಂಟಲು ಸರಿಮಾಡಿಕೊಂಡು, ತಾನೂ ಒಂದಿಷ್ಟು ಜೇನು ಬೆರೆಸಿದಳು.

"ಸಿಟ್ಟಾಗಬ್ಯಾಡಕ್ಕಾ. ಕೈಗೆ ಮೆಹಂದಿ ಹಚ್ಕೊಂಡೀನಿ, ಒಣಗಿಲ್ಲ. ಒಣಗಿದ ಕೂಡ್ಲೇ ಆಟೋ ಹಿಡೀತೀನಿ. ನೀವು ಎಲ್ಲಿ ಕುಂತೀರಿ?"

"ಟಿಕೆಟ್ ಕೌಂಟರ್ ಹತ್ರ, ಹಸಿರು ಚೂಡಿದಾರ. ಬೇಗ ಬಾ."

"ಅಲ್ಲೇ ಇರ್ರಿ ಮತ್ತ. ಎಲ್ಲೂ ಹೋಗಬ್ಯಾಡ್ರಿ."

ಫೋನು ಕಟ್ಟಾದ ಕೂಡಲೇ ಹುಡುಗಿಯರೆಲ್ಲ ಒಟ್ಟಿಗೆ ಕಿರುಚಿದರು. ಸಿದ್ರಾ ಹುಲಿಗೆಮ್ಮನನ್ನು ತಬ್ಬಲು ಬಂದು, "ಏಯ್, ಡಿಸೈನು, ಡಿಸೈನು!" ಎಂದು ಬೈಸಿಕೊಂಡಳು. ಗೋವಿಂದಮ್ಮ ಮಧುಕರ್ ಅವರಿಗೆ ಫೋನ್ ಹಚ್ಚಿ ಖಾಲಾರ ಕೈಗೆ ಕೊಟ್ಟಳು.

"ಹಸಿರು ಚೂಡಿದಾರ ಸರ್. ಟಿಕೆಟ್ ಕೌಂಟರು."

"ನಿಮಗೆ ಹೆಂಗೆ ಗೊತ್ತಾಯ್ತು ಖಾಲಾ? ಮತ್ತೆ ಚಪ್ಲಿನಾ?"

"ಇಲ್ಲ ಸರ್. ಈ ಸಲ ಹುಲಿಗೆಮ್ಮ."

ಪಿಂಕಿ ಅಕ್ಕ ಹೇಳಿದ ಜಾಗದಲ್ಲೇ, ಆಟೋ ಬರುವ ದಾರಿ ನೋಡುತ್ತ ಕೂತಿದ್ದಳಂತೆ. ಪೊಲೀಸರು ಎದುರಿಗೆ ನಿಂತಾಗ, "ಸ್ವಲ್ಪ ಸರೀರಿ, ನಮ್ ಹುಡುಗಿ ಬರ್ತಾ ಇದ್ದಾಳೆ" ಅಂದಳಂತೆ. ಅವಳ ಪಕ್ಕದಲ್ಲಿ ಇನ್ನೊಬ್ಬಳು ಹುಡುಗಿ ಇದ್ದಳು, ಬಾಯಿಯೇ ಇಲ್ಲದವಳ ಹಾಗೆ. ಅವಳ ಬಗ್ಗೆ ಹುಲಿಗೆಮ್ಮನಿಗೂ ಗೊತ್ತಿರಲಿಲ್ಲ. ಮಧುಕರ್ ಆ ಹುಡುಗಿಯನ್ನು ಜೀಪಿನಲ್ಲಿ ತಂಗುದಾಣಕ್ಕೆ ಕರೆತಂದಾಗ ಹುಲಿಗೆಮ್ಮ ಒಣಗಿದ ಗೋರಂಟಿಯನ್ನು ಕೆರೆದು ಉದುರಿಸುತ್ತಿದ್ದಳು. ಬಣ್ಣ ಕೆಂಪಗೆ ಕೂತಿತ್ತು. ಹೊಸಬಳನ್ನು ನೋಡಿ, ಸರಿದು ಜಾಗ ಕೊಟ್ಟು, ಖಾಲಾರ ಬುಟ್ಟಿಯಿಂದ ಒಂದು ಕೋನ್ ತಾನೇ ಎತ್ತಿಕೊಂಡಳು.

"ಕೈ ಚಾಚವ್ವ. ನಂಗ ಬರೇ ಚುಕ್ಕಿ ಬರ್ತಾವು ನೋಡು, ನಗಬ್ಯಾಡ."

ಆ ವರ್ಷದ ಈದ್ ದಿನ ಖಾಲಾ ಮನೆಗೆ ಹೋದಾಗ ಚಾಂದ್ ಪಾಷಾ, "ಹಬ್ಬದ ಮೆಹಂದಿ ಊರಿಗೆಲ್ಲಾ ಹಾಕಿ, ನಿನ್ ಕೈ ನೋಡು, ಖಾಲಿ" ಎಂದು ಗೊಣಗಿದರು. ಗೊಣಗಿಕೊಂಡೇ ಒಂದು ದೊಡ್ಡ ಡಬರಿಯಲ್ಲಿ ಶೀರ್‌ಖುರ್ಮಾ ಪಾಯಸ ತುಂಬಿಸಿ, ತಾವೇ ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಹಲಸೂರಿಗೆ ತಂದು ಕೊಟ್ಟರು.

ಮುಂದಿನ ಕೆಲಸಗಳು ಸರ್ಕಾರಿ ಕೆಲಸಗಳು ಆಗುವ ವೇಗದಲ್ಲಿ ಆದವು, ಆದರೆ ಆದವು. ಸಮಿತಿಯವರು ಹುಲಿಗೆಪ್ಪನನ್ನು ಕರೆಸಿ, ಹದಿನೆಂಟು ತುಂಬುವ ಮೊದಲು ಮದುವೆ ಮಾಡುವಂತಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡರು. ನಂದಿತಾ ಓಡಾಡಿ ಹುಲಿಗೆಮ್ಮನನ್ನು ಕೌಶಲ್ಯ ತರಬೇತಿಗೆ ಸೇರಿಸಿದಳು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಒಂದು ಪಾರ್ಲರಿನವರು ಕಲಿಯಲು ಜಾಗ ಕೊಟ್ಟರು. ಮೊದಲ ದಿನವೇ ಅವರು, "ಏನೇನು ಬರುತ್ತಮ್ಮಾ ನಿಂಗೆ?" ಎಂದು ಕೇಳಿದರಂತೆ. ಹುಡುಗಿ ಅದನ್ನು ದೊಡ್ಡ ಸುದ್ದಿಯಂತೆ ಓಡಿಬಂದು ಹೇಳಿದಳು. ಹದಿನೆಂಟು ತುಂಬಿದ ಮೇಲೆ, ತಂಗುದಾಣ ಬಿಟ್ಟವರಿಗಾಗಿ ಇರುವ ಅನುಪಾಲನಾ ಯೋಜನೆಯಲ್ಲಿ, ತನ್ನಂಥ ಇನ್ನಿಬ್ಬರ ಜೊತೆ ಒಂದು ಕೋಣೆಯೂ ಸಿಕ್ಕಿತು.

ಹುಲಿಗೆಪ್ಪನಿಗೆ ಮಾತ್ರ ಮನಸ್ಸು ಸಮಾಧಾನವಾಗಲಿಲ್ಲ. ತಾನು ಹಟ ಮಾಡಿದ್ದರಿಂದಲೇ ಮಗಳು ಆ ರೈಲು ನಿಲ್ದಾಣದವರೆಗೆ ಹೋದಳು ಎಂಬುದು ಅವನನ್ನು ಕೊರೆಯುತ್ತಿತ್ತು. ಒಂದು ಭಾನುವಾರ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಬಿಳಿ ಅಂಗಿ ತೊಟ್ಟು ತಂಗುದಾಣಕ್ಕೆ ಬಂದ. ಖಾಲಾರ ಕಾಲಿಗೆ ಬೀಳಲು ಹೋದ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಅರೆ ಅರೆ, ಏನಣ್ಣಾ ಇದು! ಮೇಲೆ ನೋಡಿ ಕೈ ಮುಗೀರಿ, ಸಾಕು" ಅಂದರು. ಕುಡಿಯಲು ಚಹಾ ಕೊಟ್ಟರು. ಅವನು ಚಹಾವನ್ನು ಜಗಲಿಯ ಕಟ್ಟೆಯ ಮೇಲೇ ಇಟ್ಟು, ಜೇಬಿನಿಂದ ಅಳತೆಯ ಟೇಪು ತೆಗೆದು, ರಸ್ತೆಯ ಕಡೆಗಿದ್ದ ಮರದ ಗೇಟಿನ ಅಗಲ ಅಳೆಯತೊಡಗಿದ.

"ಏನ್ ಮಾಡ್ತಾ ಇದ್ದೀರಾ ಅಣ್ಣಾ?"

"ಯವ್ವಾ, ಇದು ಗೇಟೇನ್ರಿ? ಆಡು ತಲಿ ಹಾಕಿ ದೂಡಿದ್ರ ಒಳಗ ಬರ್ತೈತಿ. ಇಷ್ಟು ಹೆಣ್ಣುಮಕ್ಕಳನ್ನ ಇಟ್ಕೊಂಡೀರಿ, ಹಗಲೆಲ್ಲಾ ಒಂದ್ ಬೀಗ ಇಲ್ಲ. ನಾ ಒಂದು ಕಬ್ಬಿಣದ ಗೇಟ್ ಮಾಡಿಕೊಡ್ತೀನಿ. ಎತ್ತರ, ಮ್ಯಾಲೆ ಚೂಪನ್ನ ಭರ್ಚಿ, ಒಳಗ ಎರಡು ಚಿಲಕ. ಕಬ್ಬಿಣಾನೂ ನಂದು, ಕೆಲಸಾನೂ ನಂದು. ನೀವು ಬ್ಯಾಡ ಅನ್ನಬಾರ್ದು."

"ಬೇಡ ಅಣ್ಣಾ."

"ಯಾಕ್ರಿ? ಬಣ್ಣಾನೂ ನಾನೇ ಹಚ್ಚಿಕೊಡ್ತೀನಿ. ನಿಮಗ ಯಾವ ಬಣ್ಣ ಬೇಕು ಹೇಳ್ರಿ."

ಹುಲಿಗೆಮ್ಮ ಪಾರ್ಲರಿನಿಂದ ಬಂದವಳು ಬಾಗಿಲಿಗೊರಗಿ ನಗುತ್ತ ನಿಂತಿದ್ದಳು. "ಅಪ್ಪಾ, ಅವ್ರಿಗೆ ಬಣ್ಣದ ವಿಷಯ ಕಲಿಸಬ್ಯಾಡ."

"ನೀ ಸುಮ್ನಿರು. ಅಂದು ನೀ ಇದೇ ಗೇಟ್ ದಾಟಿ ಹೋಗಿದ್ರ?"

"ಹೋಗ್ಬಹುದಿತ್ತು" ಎಂದರು ಖಾಲಾ. "ಗೇಟ್ ತೆರೆದೇ ಇತ್ತು. ಆ ಹೊತ್ತು ನನ್ನ ಜೀವ ಬಾಯಿಗೆ ಬಂದಿತ್ತು ಅಣ್ಣಾ, ಸುಳ್ಳು ಹೇಳಲ್ಲ. ಆದ್ರೂ ಅವಳೇ ಕೂತ್ಲು. ನೀವು ಹೇಳೋ ಗೇಟ್ ಇದ್ದಿದ್ರೆ, ಒಳಗೆ ಕಾಲಿಟ್ಟ ದಿನಾನೇ ನನ್ನನ್ನ ಜೈಲಿನೋಳು ಅಂದ್ಕೊಂಡು ಕೈ ಚಾಚ್ತಾನೇ ಇರ್ಲಿಲ್ಲ."

ಹುಲಿಗೆಪ್ಪ ಗೇಟನ್ನೂ ಮಗಳನ್ನೂ ಒಂದೊಂದು ಸಲ ನೋಡಿದ. "ಸಣ್ಣದು ಮಾಡ್ಲೇನ್ರಿ? ಭರ್ಚಿ ಬ್ಯಾಡ. ಬರೇ ಒಂದ್ ಚಿಲಕ."

ಖಾಲಾ ಅವನ ಕೈಯಿಂದ ಟೇಪನ್ನು ತೆಗೆದುಕೊಂಡು, ಸುತ್ತಿ, ಅವನ ಬಿಳಿ ಅಂಗಿಯ ಜೇಬಿಗೇ ಹಾಕಿದರು.

"ಚಹಾ ಆರೋಗ್ತಾ ಇದೆ, ಕುಡೀರಿ. ಗೇಟು ಬೇಡ."